ಪ್ರದರ್ಶನಕ್ಕಿಟ್ಟ ಬಿತ್ತನೆ ರಾಗಿ

ನನ್ನ ಬಾಯಿಗೆ ಬೀಗವಿಲ್ಲ ಎಂದು ಅಪ್ಪ ಸಾಯುವ ತನಕ ಬಯ್ಯುತ್ತಿದ್ದರು. ಕೈಗೆ ಮೈಕು ಸಿಕ್ಕರಂತೂ ಮುಗಿಯಿತು, ಎದುರಿಗೆ ಯಾರಿದ್ದಾರೆ ಎಂಬುದೂ ಮರೆತುಹೋಗುತ್ತಿತ್ತು.

ಆಗ ನಾನು ದೇವನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ವಿಮಾನಗಳು ಹಾರಲು ಶುರುವಾಗಿ ನಾಲ್ಕೈದು ವರ್ಷಗಳಾಗಿದ್ದವು. ಮಕ್ಕಳಿಗೆ ಯಾವ ವಿಮಾನ ಯಾವ ದೇಶದ್ದು ಎಂದು ಗೊತ್ತು, ಬೀಜ ಬಿತ್ತುವ ಕೂರಿಗೆ ಎಂದರೆ ಏನೆಂದು ಗೊತ್ತಿಲ್ಲ. ಥೂ, ಇದೇನು ಗತಿ ಅನ್ನಿಸಿತು. ಊರಿನವರನ್ನು ಸೇರಿಸಿ, ಶಾಲೆಯಲ್ಲೇ ಒಂದು ದಿನ ಊರಿನ ಹಳೆಯ ಬದುಕಿನ ಪ್ರದರ್ಶನ ಮಾಡಲು ಹೊರಟೆ. ಜನ ಏನೂ ಬೇಸರಪಡದೆ ಕೊಟ್ಟರು. ಕೊಳಗ, ಸೇರು, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆ ಬಾನೆ, ಬತ್ತಿಹೋದ ಕೆರೆಯಲ್ಲಿ ಹಿಂದೆ ತೆಪ್ಪ ಬಿಟ್ಟಿದ್ದ ಮಸುಕಾದ ಫೋಟೋ, ಎಲ್ಲ ಬಂದವು.

ನನ್ನ ಸೋದರತ್ತೆಯ ಮನೆಗೂ ಹೋದೆ. ಅವಳ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಹೊಲ ವಿಮಾನ ನಿಲ್ದಾಣದ ರಸ್ತೆಗೆ ಹೋಗಿತ್ತು. ನಲ್ಲೂರಿನ ಹತ್ತಿರ ಬೇರೆಯವರ ಒಂದು ತುಂಡು ಭೂಮಿಯನ್ನು, ಬೆಳೆಯಲ್ಲಿ ಪಾಲು ಕೊಡುವಂತೆ, ವಾರಕ್ಕೆ ಮಾಡಿಕೊಂಡಿದ್ದಳು. ಅಟ್ಟದ ಮೇಲೆ ಒಂದು ಮಡಕೆಯಿತ್ತು. ಒಳಗೆ ಬೇವಿನ ಸೊಪ್ಪು ಬೆರೆಸಿಟ್ಟ ರಾಗಿ, ಅವಳ ಅತ್ತೆಯ ಕಾಲದಿಂದ ಬಂದ ಬೀಜ. ಆಳೆತ್ತರ ಬೆಳೆಯುತ್ತದೆ, ಹಸುಗಳಿಗೆ ವರ್ಷಪೂರ್ತಿ ಹುಲ್ಲು. ಎಲ್ಲರೂ ಸರ್ಕಾರದ ಬೀಜಕ್ಕೆ ತಿರುಗಿದ್ದರಿಂದ ಆ ರಾಗಿ ಅವಳ ಮಡಕೆಯಲ್ಲಿ ಬಿಟ್ಟರೆ ಎಲ್ಲೂ ಉಳಿದಿರಲಿಲ್ಲ.

"ಬಿತ್ತನೆಗೆ ಮಡಗಿರೋದು ಕಣಪ್ಪ. ಇದು ಹೋದ್ರೆ ಹೋದಂಗೇ" ಎಂದಳು.

"ಒಂದು ಕಾಳೂ ಕಮ್ಮಿ ಆಗ್ದಂಗೆ ತಂದ್ಕೊಡ್ತೀನಿ ಅತ್ತೆ, ನಾನಿಲ್ವಾ?" ಎಂದೆ.

ನಾನಿಲ್ವಾ ಅಂತೆ! ಮಡಕೆಯ ಮುಂದೆ ಚೀಟಿ ಬರೆದವನೂ ನಾನೇ. 'ನಮ್ಮ ಅಜ್ಜಿಯರ ಕಾಲದ ರಾಗಿ' ಎಂದು ದಪ್ಪಕ್ಷರದಲ್ಲಿ ಬರೆದೆ. ಬಿತ್ತನೆ ಎಂಬ ಒಂದು ಮಾತು ಬರೆಯಬೇಕೆಂದು ಹೊಳೆಯಲಿಲ್ಲ.

ಅಂದು ಜನ ಮುಗಿಬಿದ್ದಿದ್ದು ಬೀಸುವ ಕಲ್ಲಿನ ಹತ್ತಿರ. ಸ್ತ್ರೀಶಕ್ತಿ ಸಂಘದ ಹೆಂಗಸರು ಹಾಡು ಹೇಳುತ್ತಾ ರಾಗಿ ಬೀಸಿ ತೋರಿಸುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ಅತಿಥಿಗಳು ತಾವೂ ಒಂದು ಸುತ್ತು ಎಂದು ಸಾಲು ನಿಂತರು. ನಾನು ಮೈಕು ಹಿಡಿದು ಒಬ್ಬೊಬ್ಬರನ್ನೂ ರೇಗಿಸುತ್ತಾ ಮೆರೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ತಂದಿದ್ದ ರಾಗಿ ಮುಗಿಯಿತು. ಅವರಲ್ಲೊಬ್ಬಳು ಪಕ್ಕದ ಪ್ರದರ್ಶನದ ಮೇಜಿನ ಮೇಲಿದ್ದ ಅತ್ತೆಯ ಮಡಕೆಯನ್ನೆತ್ತಿ ಮೊರಕ್ಕೆ ಸುರಿದುಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ನೋಡಲಿಲ್ಲ.

ಅತ್ತೆ ಬಂದಿದ್ದು ಮೂರು ಗಂಟೆಯ ಮೇಲೆ. ಒಳ್ಳೆಯ ಕಂಠ ಅವಳದು. ಮೇಜಿನ ಕಡೆ ಹೋಗಲೂ ಬಿಡದೆ ಬಾಗಿಲಿನಿಂದಲೇ ಎಳೆದು ತಂದು ಕಲ್ಲಿನ ಮುಂದೆ ಕೂರಿಸಿದೆ. ಮೊರದಲ್ಲಿ ಎರಡು ಹಿಡಿ ರಾಗಿ ಉಳಿದಿತ್ತು. ಒಂದು ಸಾಲು ಹಾಡಿ, ರಾಗಿಗೆ ಕೈ ಹಾಕಿದವಳು ಹಾಡು ನಿಲ್ಲಿಸಿದಳು. ಬೆರಳಿಗೆ ಒಣಗಿದ ಬೇವಿನ ಎಲೆಯ ಚೂರು ಸಿಕ್ಕಿತ್ತು. ನನ್ನ ಮುಖ ನೋಡಿದಳು. ಜನಕ್ಕೆ ನಾಚಿಕೊಂಡಳು ಅಂದುಕೊಂಡೆ. ಅವಳು ರಾಗಿಯನ್ನು ಮೊರದಿಂದ ಮೆಲ್ಲಗೆ ಬಳಿದು ಸೆರಗಿಗೆ ಹಾಕಿಕೊಳ್ಳತೊಡಗಿದಳು.

ನನಗೆ ನಗು ತಡೆಯಲಿಲ್ಲ. "ನೋಡ್ರಪ್ಪಾ ನಮ್ಮತ್ತೇನ! ಎಲ್ಲಾರ ಕಣ್ಮುಂದೇನೇ ಕದಿಯಕ್ಕೆ ನಿಂತವ್ಳೆ. ಅತ್ತೆ, ಸೆರಗು ಬಿಚ್ಚು, ಬೀಸು ಬೀಸು!" ಎಂದು ಮೈಕಿನಲ್ಲಿ ಅಂದುಬಿಟ್ಟೆ.

ಶಾಲೆಯ ಅಂಗಳವೇ ನಕ್ಕಿತು. ಅತಿಥಿಗಳು ಮೊಬೈಲ್ ಎತ್ತಿ ಹಿಡಿದರು. ಅತ್ತೆ ಸೆರಗು ಕೊಡವಿ ಆ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕಿದಳು. ಬೀಸಿದಳು. ಹಾಡು ಮಾತ್ರ ಮುಂದುವರಿಸಲಿಲ್ಲ.

ಸಂಜೆ ಅತಿಥಿಗಳು ಹೋದ ಮೇಲೆ ಮಡಕೆಯನ್ನು ಕೊಡೋಣವೆಂದು ಎತ್ತಿಕೊಂಡೆ. ಹಗುರವಾಗಿತ್ತು. ಸಂಘದ ಹೆಂಗಸರನ್ನು ಕೂಗಿದೆ, ರೇಗಿದೆ, ಅವರೂ ಪಾಪ ಅಳುವ ಹಾಗಾದರು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು.

"ಅವ್ರನ್ಯಾಕೆ ಬಯ್ತೀಯ, ಬಿಡು. ನಾ ಕೈ ಹಾಕ್ದಾಗ್ಲೇ ಗೊತ್ತಾಯ್ತು. ಆ ಎರಡು ಹಿಡಿ ಸಾಕಾಗಿತ್ತು ಕಣಪ್ಪ. ಒಂದು ಪಾತಿ ಚೆಲ್ಲಿದ್ರೆ, ಬರೋ ವರ್ಷಕ್ಕೆ ಮತ್ತೆ ಮಡಕೆ ತುಂಬೋದು."

"ಅಯ್ಯೋ ಅತ್ತೆ, ಗೊತ್ತಿದ್ದೂ ಯಾಕೆ ಬೀಸ್ದೆ? ಒಂದು ಮಾತು ಹೇಳ್ಬಾರ್ದಿತ್ತಾ?"

ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಾಗಿ ಎರಡು ಏಟು ಬಿಟ್ಟಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

"ಹೆಂಗ್ ಹೇಳ್ಲಿ? ಕದೀತವ್ಳೆ ಅಂದ್ಬಿಟ್ಟೆ ನೀನು. ಅಷ್ಟು ಜನ ನಕ್ರು. ಕಳ್ಳಿ ಅಲ್ಲ ಅಂತ ತೋರ್ಸ್ಬೇಕಲ್ಲ, ಅದ್ಕೇ ಬೀಸ್ಬಿಟ್ಟೆ."