ಟೈಲರಣ್ಣನ ವೀಲುನಾಮೆ

ಟೈಲರಣ್ಣ ತಮ್ಮದಲ್ಲದ ಅಂಗಡಿಯನ್ನು ಸೋದರಳಿಯನಿಗೆ ಬರೆದಿಟ್ಟು ತೀರಿಕೊಂಡರು. ಇದನ್ನು ಕೇಳಿದವರು ಮೊದಲು ನಗುತ್ತಾರೆ. ಆ ವೀಲುನಾಮೆಯನ್ನು ಅರಬ್ಬಿಯಲ್ಲಿ ಓದಿ ಹೇಳುವ ಕೆಲಸ ನನ್ನ ತಲೆಗೆ ಬರದೆ ಇದ್ದಿದ್ದರೆ ಬಹುಶಃ ನಾನೂ ನಗುತ್ತಿದ್ದೆ.

ಅವರು ನಮ್ಮ ಊರಿನವರು. ಬಸ್ ನಿಲ್ಲುವ ಕಡೆ ಒಂದು ಜಗಲಿಯ ಮೇಲೆ ಮೆಷಿನ್ ಇಟ್ಟುಕೊಂಡು ಶಾಲೆಯ ಮಕ್ಕಳ ಚಡ್ಡಿ ಹೊಲಿಯುತ್ತಿದ್ದವರು ಕುವೈತಿಗೆ ಬಂದು, ಹವಲ್ಲಿಯ ಹಳೇ ಕಟ್ಟಡವೊಂದರ ಕೆಳಗೆ, ಮೊಬೈಲ್ ಅಂಗಡಿಗಳ ನಡುವೆ, ದಿಶ್‌ದಾಶ ಹೊಲಿಯತೊಡಗಿದರು. ಇಲ್ಲಿನ ಗಂಡಸರು ತೊಡುವ, ಪಾದದವರೆಗೆ ಇಳಿಯುವ ಬಿಳಿ ನಿಲುವಂಗಿ ಅದು. ಕಾಲರು ಕುತ್ತಿಗೆಗೆ ಹೇಗೆ ಕೂರಬೇಕು ಎಂಬ ವಿಷಯದಲ್ಲಿ ಇಲ್ಲಿನವರು ಬಹಳ ಹಟದವರು. ಟೈಲರಣ್ಣ ಅವರಿಗಿಂತ ಹಟದವರು. ಹಾಗಾಗಿ ಅಂಗಡಿ ನಡೆಯಿತು.

ಲೈಸೆನ್ಸ್ ಮಾತ್ರ ಕಫೀಲರ ಹೆಸರಿನಲ್ಲಿತ್ತು. ಕಫೀಲ ಅಂದರೆ ನಮ್ಮಂಥವರು ಇಲ್ಲಿರಲು ಜವಾಬ್ದಾರಿ ಹೊತ್ತ ಕುವೈತಿ ಯಜಮಾನ. ಆ ಯಜಮಾನರು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದದ್ದು ಈದ್‌ಗೆ ಹೊಸ ಬಟ್ಟೆ ಹೊಲಿಸಲು ಅಷ್ಟೇ. ಬಾಗಿಲು ತೆಗೆಯುವುದು, ಮುಚ್ಚುವುದು, ಅವಸರ ಮಾಡುವ ಗಿರಾಕಿಯನ್ನು ಗದರುವುದು ಎಲ್ಲ ತಾನೇ ಆದಮೇಲೆ, ಅಂಗಡಿ ತನ್ನದಲ್ಲ ಎಂಬುದು ಟೈಲರಣ್ಣನಿಗೆ ಮರೆತೇಹೋಯಿತು. ನಮ್ಮಲ್ಲಿ ಬಹಳ ಜನರಿಗೆ ಹಾಗೆ ಮರೆಯುತ್ತದೆ.

ನಮ್ಮ ತುಳುನಾಡಿನ ಎಷ್ಟೋ ಮನೆಗಳದ್ದು ಅಳಿಯಕಟ್ಟು. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಕಾನೂನು ಅದನ್ನು ಯಾವತ್ತೋ ಕೈಬಿಟ್ಟಿದೆ. ಕಾನೂನು ಬಿಟ್ಟರೆ ನಾನೂ ಬಿಡಬೇಕಾ ಎಂದು ಟೈಲರಣ್ಣ ಒಮ್ಮೆ ರಜೆಗೆ ಹೋದಾಗ ವಕೀಲರನ್ನು ಹಿಡಿದು ವೀಲುನಾಮೆ ಬರೆಸಿದರು. ಊರಿನ ಮನೆ, ಮೆಷಿನುಗಳು, ಜೊತೆಗೆ ‘ಕುವೈತಿನಲ್ಲಿರುವ ನನ್ನ ಅಂಗಡಿ’, ಎಲ್ಲವೂ ತಂಗಿಯ ಮಗನಿಗೆ. ಊರಿನ ವಕೀಲರಿಗೆ ಕಫೀಲ ಗೊತ್ತಿಲ್ಲ, ಬರೆಸಿದವರಿಗೆ ನೆನಪಿಲ್ಲ.

ಆ ಅಳಿಯ ಮೀಸೆ ಮೂಡುವ ವಯಸ್ಸಿನಿಂದ ಅದೇ ಅಂಗಡಿಯಲ್ಲಿ ಮಾವನ ಎದುರು ಮೆಷಿನಿನಲ್ಲಿ ಕೂತವನು. ಅವನ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಆ ಅಂಗಡಿಯ ಮೇಲೆಯೇ ಇತ್ತು. ಟೈಲರಣ್ಣನ ಸ್ವಂತ ಮಗನೂ ಕುವೈತಿನಲ್ಲೇ ಇದ್ದ. ಶರ್ಕ್‌ನ ಬ್ಯಾಂಕೊಂದರಲ್ಲಿ ಒಳ್ಳೆಯ ಕೆಲಸ, ಫಿಂಟಾಸ್‌ನಲ್ಲಿ ಸಂಸಾರ. ಹವಲ್ಲಿಯ ಕಡೆಗೆ ಅವನು ಬರುತ್ತಿದ್ದದ್ದು ಅಪರೂಪ. ಅಪ್ಪ ಮಗನ ನಡುವೆ ಜಗಳವೇನೂ ಇರಲಿಲ್ಲ. ಜಗಳ ಆಡುವಷ್ಟು ಬಳಕೆಯೂ ಇರಲಿಲ್ಲ.

ಒಂದು ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದ ಟೈಲರಣ್ಣ ಹಾಗೆಯೇ ಕುಸಿದರು. ಹೆಣದ ಜೊತೆ ವಿಮಾನ ಹತ್ತಿದ್ದು ಅಳಿಯ. ಕಟ್ಟಿನಂತೆ ಬೆಂಕಿ ಕೊಟ್ಟದ್ದೂ ಅವನೇ. ಹಿಂದಿನಿಂದ ಹೋಗಿ ಮುಟ್ಟಿದ ಮಗ ಪಕ್ಕದಲ್ಲಿ ನಿಂತಿದ್ದನಂತೆ.

ಅಳಿಯ ವೀಲುನಾಮೆ ಹಿಡಿದು ಮರಳಿದ ಮೇಲೆ ನನ್ನನ್ನು ಕರೆದುಕೊಂಡು ಕಫೀಲರ ದಿವಾನಿಯಾಕ್ಕೆ ಹೋದ. ಮನೆಯ ಮುಂಭಾಗದಲ್ಲಿ ಗಂಡಸರು ಕೂತು ಮಾತಾಡುವ ದೊಡ್ಡ ಕೋಣೆ ಅದು. ನಾನು ಇನ್ಶೂರೆನ್ಸ್ ಕಚೇರಿಯಲ್ಲಿ ದುಡಿದು ದುಡಿದು ಅರಬ್ಬಿ ಕಲಿತವನು. ‘ನನ್ನ ಅಂಗಡಿ’ ಎಂಬಲ್ಲಿಗೆ ಬಂದಾಗ ನನ್ನ ನಾಲಿಗೆ ತಡವರಿಸಿತು. ಮುದುಕರಾದ ಕಫೀಲರು ನಗಲಿಲ್ಲ, ಸಿಟ್ಟಾಗಲಿಲ್ಲ. ಅಂಗಡಿ ತಮ್ಮದೆಂದು ಒಂದು ಮಾತೂ ಆಡಲಿಲ್ಲ. ಅವನಿಗೆ ಗಂಡುಮಕ್ಕಳಿರಲಿಲ್ಲವೇ ಎಂದಷ್ಟೇ ಕೇಳಿದರು.

ಇದ್ದಾನೆ, ಇಲ್ಲೇ ಶರ್ಕ್‌ನ ಬ್ಯಾಂಕಿನಲ್ಲಿದ್ದಾನೆ ಎಂದೆ. ಅವರ ಮುಖ ಬಿಗಿಯಿತು. ಅಳಿಯಕಟ್ಟನ್ನು ವಿವರಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಪಘಾತದ ಪರಿಹಾರ ಯಾರಿಗೆ ಎಂದು ನಾನು ಅರಬ್ಬಿಯಲ್ಲಿ ನಿದ್ದೆಯಲ್ಲೂ ಹೇಳಬಲ್ಲೆ. ಅಪ್ಪನ ಆಸ್ತಿ ಮಗನಿಗೆ ಯಾಕಿಲ್ಲ ಎಂದು ಹೇಳಲು ನನಗೆ ಬರಲಿಲ್ಲ. ಅವರು ತಾಳ್ಮೆಯಿಂದ ಕೇಳಿ, ತಮ್ಮ ಧರ್ಮದ ಮಾತು ಹೇಳಿದರು. ಸತ್ತವನು ವಾರಸುದಾರರಲ್ಲದವರಿಗೆ ಮೂರನೇ ಒಂದು ಪಾಲು ಬರೆಯಬಹುದು. ಅದಕ್ಕಿಂತ ಹೆಚ್ಚಾದರೆ ವಾರಸುದಾರರು ಮನಸಾರೆ ಒಪ್ಪಬೇಕು. ಅಳಿಯನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲು ತನಗೆ ತೊಂದರೆಯಿಲ್ಲ. ಆದರೆ ಸತ್ತವನ ಮಗನನ್ನು ದಾಟಿ ಕೊಟ್ಟ ಪಾಪ ತನಗೆ ಬೇಡ. ಮಗ ಬಂದು ತನ್ನ ಬಾಯಿಂದಲೇ ಹೇಳಲಿ, ಇಲ್ಲವಾದರೆ ಅಂಗಡಿ ಮುಚ್ಚುತ್ತೇನೆ ಎಂದರು. ಮುಚ್ಚಿದರೆ ಅಳಿಯನ ಇಕಾಮಾವೂ ಮುಗಿದಂತೆ. ಅವನಿಗೆ ಬೇರೆ ಕೆಲಸ ಗೊತ್ತಿಲ್ಲ, ಊರಿನಲ್ಲಿ ಈಗ ಬಟ್ಟೆ ಹೊಲಿಸುವವರೂ ಇಲ್ಲ.

ನಾನು ಫೋನ್ ಮಾಡಿದಾಗ ಮಗ ಮರುಮಾತಾಡದೆ ಬರುತ್ತೇನೆಂದ. ಮರುದಿನ ಸಂಜೆ ಆಫೀಸಿನ ಬಟ್ಟೆಯಲ್ಲೇ ಬಂದು ಕೂತ. ಕಾಫಿಯ ಪುಟ್ಟ ಬಟ್ಟಲುಗಳು ಬಂದವು. ಅವನು ನನ್ನ ಕೈಯಿಂದ ವೀಲುನಾಮೆ ತೆಗೆದುಕೊಂಡು ಓದಿದ, ಮತ್ತೆ ಮೊದಲಿಂದ ಓದಿದ. ಆಮೇಲೆ ನನ್ನ ಕಡೆ ಬಾಗಿ, “ನನ್ನ ಹೆಸರು ಎಲ್ಲಿಯೂ ಇಲ್ಲ ಅಲ್ವಾ?” ಎಂದ.

ಕಟ್ಟಿನ ಪ್ರಕಾರ ಬರೆಯಬೇಕಾಗಿಲ್ಲವಲ್ಲ ಎಂದೆ.

“ಬರೀಬೇಕು ಅಂತ ಇಲ್ಲ, ಸರಿ. ಆದ್ರೂ ಬರೀಬಹುದಿತ್ತು.”

ಮುದುಕರು ಎರಡು ಪ್ರಶ್ನೆ ಕೇಳಿದರು. ಅಂಗಡಿಯನ್ನು ಬಿಟ್ಟುಕೊಡುತ್ತೀಯಾ? ಅವನು ಕೂಡಲೇ ಹೂಂ ಎಂದ. ಅಪ್ಪನ ಮೇಲೆ ಮನಸ್ಸಿನಲ್ಲಿ ಏನಾದರೂ ಉಳಿದಿದೆಯಾ? ಅವನು ವೀಲುನಾಮೆಯನ್ನು ಮಡಿಚಿ ನನಗೆ ಕೊಟ್ಟ. ಅಳಿಯ ಜಮಖಾನೆಯನ್ನೇ ನೋಡುತ್ತಿದ್ದ. ಇಲ್ಲ ಎಂದು ಬಿಡು ಮಾರಾಯ, ಒಂದು ಸುಳ್ಳಿನಿಂದ ಒಬ್ಬನ ಹೊಟ್ಟೆಪಾಡು ಉಳಿಯುತ್ತದೆ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಉಂಟು ಅಂತ ಹೇಳಿ,” ಎಂದ ಅವನು. “ಅಪ್ಪ ರಜೆಗೆ ಬಂದ್ರೆ ಇಳಿಯುತ್ತಿದ್ದದ್ದು ಅತ್ತೆ ಮನೆಯಲ್ಲಿ. ನಮ್ಮಲ್ಲಿಗೆ ನೆಂಟರ ಹಾಗೆ ಬಂದು ಊಟ ಮಾಡಿ ಹೋಗ್ತಿದ್ರು. ಅಮ್ಮ ಅವತ್ತು ಹೊಸ ಸೀರೆ ಉಡ್ತಿದ್ಳು. ಆ ಸಿಟ್ಟು ನನಗೆ ಉಂಟು, ಅದು ಹೋಗ್ಲಿಕ್ಕಿಲ್ಲ. ಆದ್ರೆ ಅಂಗಡಿ ಇವನದ್ದೇ. ಅಪ್ಪನ ಜೊತೆ ಇದ್ದದ್ದು ಇವನು.”

ನನಗೆ ಬದಲಾಯಿಸಿ ಹೇಳುವ ಆಸೆಯಾಯಿತು, ಧೈರ್ಯವಾಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಅರಬ್ಬಿಗೆ ತಂದೆ. ಸೀರೆಯ ಮಾತನ್ನೂ ಬಿಡಲಿಲ್ಲ.

ಮುದುಕರು ಎಣಿಸುತ್ತಿದ್ದ ಜಪಮಣಿಯನ್ನು ಪಕ್ಕಕ್ಕಿಟ್ಟರು. ಸಿಟ್ಟು ಇಲ್ಲವೆಂದಿದ್ದರೆ ನಾನು ನಂಬುತ್ತಿರಲಿಲ್ಲ, ಸಿಟ್ಟಿದ್ದೂ ಕೊಟ್ಟನಲ್ಲ, ಇದು ಒಪ್ಪಿಗೆ ಎಂದರು. ಅಳಿಯನ ಕಡೆ ತಿರುಗಿ, “ಖಲಾಸ್, ಮಾತು ಮುಗಿಯಿತು. ನಾಳೆ ಬಾಗಿಲು ತೆಗೆ,” ಎಂದರು.

ಹೊರಗೆ ಇನ್ನೂ ಸೆಕೆ ಇಳಿದಿರಲಿಲ್ಲ. ಮಗ ನಮ್ಮಿಬ್ಬರಿಗೂ ತಲೆಯಾಡಿಸಿ ಕಾರು ಹತ್ತಿದ. ಅಳಿಯ ಅವನ ಕಡೆಗೆ ಎರಡು ಹೆಜ್ಜೆ ಹಾಕಿದವನು ನಿಂತುಬಿಟ್ಟ.

ನನ್ನ ಕಾರಿನಲ್ಲಿ ಹವಲ್ಲಿಗೆ ಬರುವಾಗ ಅಂಗಡಿ ಉಳಿದ ಸಂತೋಷ ಅಳಿಯನ ಮುಖದಲ್ಲಿ ಕಾಣಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದ: “ಅಣ್ಣ, ನನಗೂ ಊರಲ್ಲಿ ಮಗ ಇದ್ದಾನೆ. ರಜೆಗೆ ಹೋದ್ರೆ ನಾನೂ ಇಳಿಯೋದು ತಂಗಿ ಮನೆಯಲ್ಲೇ.”

ಅವನು ಫೋನ್ ತೆಗೆದು ಹೆಂಡತಿಗೆ ಕರೆ ಮಾಡಿ, ಹುಡುಗನಿಗೆ ಕೊಡು ಎಂದ. ಹುಡುಗ ಫೋನಿಗೆ ಬಂದ. ಊಟ ಆಯ್ತಾ ಎಂದು ಅಪ್ಪ ಕೇಳಿದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ.