ಒಳಗೆ ಬಿಟ್ಟ ಬಟ್ಟೆ

ನನ್ನ ಓರಗಿತ್ತಿಯನ್ನು ಈ ದೇಶಕ್ಕೆ ಕರೆತಂದವಳು ನಾನೇ. ಹಾಗಾಗಿ ಅವಳ ಎಡವಟ್ಟಿಗೆಲ್ಲ ಮೊದಲು ಬೈಸಿಕೊಳ್ಳುವವಳೂ ನಾನೇ. ಮೈದುನ ತೀರಿಕೊಂಡ ಮೇಲೆ ಅವಳು ಮಗಳನ್ನು ಕಟ್ಟಿಕೊಂಡು ತವರಿನಲ್ಲಿ ರವಿಕೆ ಹೊಲಿಯುತ್ತಾ ಕೂತಿದ್ದಳು. ನಾನು ಇಸ್ತ್ರಿ ಕೆಲಸಕ್ಕಿರುವ ಬಟ್ಟೆ ಕಾರ್ಖಾನೆಯಲ್ಲಿ ಹೇಳಿ ಕೇಳಿ ಅವಳಿಗೊಂದು ಹೊಲಿಗೆ ಯಂತ್ರ ಕೊಡಿಸಿದೆ. ಒಂದು ವರ್ಷ ಪರೀಕ್ಷೆ. ಗೆದ್ದರೆ ಕೆಲಸ ಕಾಯಂ, ಅಜ್ಜಿಯ ಹತ್ತಿರ ಬಿಟ್ಟು ಬಂದ ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಸೋತರೆ ಗಂಟುಮೂಟೆ ಕಟ್ಟಬೇಕು.

ಮೊದಮೊದಲು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡು ಅಳುತ್ತಿದ್ದಳು, ನೀರಿನ ಸದ್ದಿಗೆ ನನಗೆ ಕೇಳಿಸುವುದಿಲ್ಲವೆಂದು. ಒಂದೇ ಕೋಣೆ, ಎರಡು ಮಂಚ, ರಟ್ಟಿನಂಥ ಬಾಗಿಲು, ಕೇಳಿಸದೆ ಏನು? ಆಮೇಲೆ ಅಳು ನಿಂತಿತು, ಜೊತೆಗೆ ಮಾತೂ ನಿಂತಿತು. ಇಡೀ ದಿನ ಅವಳು ಬಾಯಿ ಬಿಡುತ್ತಿದ್ದುದು ಯಂತ್ರದ ಜೊತೆ ಮಾತ್ರ. ದಾರ ಕಿತ್ತುಹೋದರೆ ‘ನಿನಗೇನೇ ಬಂತು ದೊಡ್ಡ ರೋಗ’ ಎಂದು ಅಚ್ಚ ಕನ್ನಡದಲ್ಲಿ ಗದರುವಳು. ಪಕ್ಕದ ಯಂತ್ರದವಳು ಅದನ್ನು ಯಾವುದೋ ಪ್ರಾರ್ಥನೆಯೆಂದು ತಿಳಿದಿದ್ದಳು. ನಾನೂ ತಿದ್ದಲು ಹೋಗಲಿಲ್ಲ.

ವರ್ಷ ತುಂಬಲು ಹತ್ತು ದಿನವಿದ್ದಾಗ ಒಂದು ಶಾಲೆಯಿಂದ ನಲವತ್ತೆಂಟು ಕೋಟುಗಳ ಕೆಲಸ ಬಂತು. ಬಟ್ಟೆ ಕತ್ತರಿಸುವವನು ರಜೆಯಲ್ಲಿದ್ದ. ಕತ್ತರಿಸುವುದೂ ಹೊಲಿಯುವುದೂ ಅವಳ ಪಾಲಿಗೇ ಬಂತು. ತಲೆ ತಗ್ಗಿಸಿ ದುಡಿದಳು, ಒಬ್ಬರಿಗೂ ತೋರಿಸಲಿಲ್ಲ.

ಗುರುವಾರ ಬೆಳಿಗ್ಗೆ ಮೊದಲ ಕೋಟು ನನ್ನ ಮೇಜಿಗೆ ಬಂತು. ಪಕ್ಕದ ಹೊಲಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಡವಿತು. ತಿರುಗಿಸಿ ನೋಡಿದೆ. ಒಳಗೆ ಒಂದೂವರೆ ಇಂಚು ಬಟ್ಟೆ! ನಮ್ಮ ಕಡೆ ಮಕ್ಕಳ ಬಟ್ಟೆಗೆ ಯಾವ ದರ್ಜಿಯಾದರೂ ಇಷ್ಟು ಬಿಟ್ಟೇ ಬಿಡುತ್ತಾನೆ, ಬರುವ ವರ್ಷ ಬಿಚ್ಚಿ ಅಗಲ ಮಾಡಿಕೊಳ್ಳಲಿ ಎಂದು. ಬಿಡದಿದ್ದರೆ ತಾಯಂದಿರು ಅಂಗಡಿಗೇ ಬಂದು ಜಗಳ ತೆಗೆಯುತ್ತಾರೆ. ಇಲ್ಲಿ ಬೆರಳಗಲಕ್ಕಿಂತ ಹೆಚ್ಚಾದರೆ ಅದು ತಪ್ಪು. ಅಸ್ತರಿಲ್ಲದ ಕೋಟು, ಹೊರಗಿನಿಂದಲೇ ಉಬ್ಬು ಕಾಣುತ್ತಿತ್ತು. ಉಳಿದ ನಲವತ್ತೇಳೂ ಹಾಗೆಯೇ ಇದ್ದವು.

ಮೇಲ್ವಿಚಾರಕಿ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಮೂರು ಗಂಟೆಗೆ ಗಾಡಿ ಬರುತ್ತದೆ, ಅಷ್ಟರೊಳಗೆ ಎಲ್ಲವೂ ಸರಿಯಿದ್ದರೆ ನಾಳೆ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಹೋದಳು. ಆಗ ಗಂಟೆ ಒಂಬತ್ತೂವರೆ.

ಓರಗಿತ್ತಿ ಕೋಟುಗಳ ರಾಶಿಯನ್ನು ನೋಡುತ್ತಾ ನಿಂತೇ ಇದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ ಇಲ್ಲಿಯ ಅಳತೆಯಲ್ಲೇ ಹೊಲಿದವಳಿಗೆ ಇವತ್ತು ಮರೆಯುವುದೆಂದರೇನು?

“ಊರಿಗೆ ಹೋಗ್ಬೇಕು ಅಂತ ಬೇಕಂತ್ಲೇ ಮಾಡಿದೀಯೇನೇ?” ಎಂದೆ.

“ಬೇಕಂತ ಮಾಡಿಲ್ಲಕ್ಕ. ಮಕ್ಕಳ ಬಟ್ಟೆ ಅಂದ ತಕ್ಷಣ ಕೈ ತಾನೇ ಹಂಗೆ ಹೋಯ್ತು,” ಎಂದಳು. ಆಮೇಲೆ ಇನ್ನೂ ಮೆಲ್ಲಗೆ, “ಆದ್ರೆ ಮೇಡಂ ಸಹಿ ಹಾಕಲ್ಲ ಅಂದಾಗ ಒಂದ್ ಗಳಿಗೆ ಖುಷಿಯಾಯ್ತು. ಕಳಿಸಿಬಿಡ್ಲಿ ಅನ್ನಿಸ್ತು.”

ಕೆನ್ನೆಗೆ ಬಾರಿಸೋಣ ಎನಿಸಿತು, ತಬ್ಬಿಕೊಳ್ಳೋಣ ಎಂದೂ ಎನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಕತ್ತರಿಯನ್ನು ಅವಳ ಕೈಗೆ ತುರುಕಿ, ಹೋಗುವುದಾದರೆ ಗೆದ್ದು ಹೋಗು, ಸೋತು ಹೋದರೆ ಮಗಳಿಗೆ ನಾಳೆ ಏನು ಹೇಳುತ್ತೀ ಎಂದೆ.

ಅವಳು ಕತ್ತರಿಸಿ ಅಂಚು ಹೊಲಿದು ಕೊಡುವುದು, ನಾನು ಇಸ್ತ್ರಿ ಒತ್ತುವುದು. ಊಟಕ್ಕೆ ಏಳಲಿಲ್ಲ. ಹನ್ನೆರಡಕ್ಕೆ ಇಪ್ಪತ್ತೆರಡಾಗಿದ್ದವು. ಮೂವತ್ತೊಂದನೆಯದರಲ್ಲಿ ಕತ್ತರಿಯ ತುದಿ ಜಾರಿ ಕೋಟಿನ ಮುಂಭಾಗವನ್ನೇ ಕಚ್ಚಿತು. ಅವಳು ಕತ್ತರಿಸಿ ಬಿದ್ದ ಚೂರಿನಿಂದ ಎಳೆ ಬಿಡಿಸಿ, ಸೂಜಿಗೆ ಪೋಣಿಸಿ, ಕಣ್ಣಲ್ಲಿ ಕಣ್ಣಿಟ್ಟು ಆ ತೂತನ್ನು ನೇಯ್ದಳು. ಹದಿನೈದು ನಿಮಿಷ ಹೋಯಿತು. ಗೋಡೆಯ ಗಡಿಯಾರದ ಕಡೆ ನೋಡಬಾರದೆಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಕೊನೆಯ ಕೋಟಿಗೆ ಇಸ್ತ್ರಿ ಒತ್ತುವಾಗ ಗಾಡಿಯವನು ಬಾಗಿಲಲ್ಲಿ ನಿಂತಿದ್ದ. ಮೇಲ್ವಿಚಾರಕಿ ಒಂದೊಂದನ್ನೂ ತಿರುವಿದಳು. ಮೂವತ್ತೊಂದನೆಯದನ್ನು ಬೆಳಕಿಗೆ ಹಿಡಿದಾಗ ಓರಗಿತ್ತಿ ನನ್ನ ಸೆರಗನ್ನು ಹಿಡಿದುಕೊಂಡಳು. ಮೇಲ್ವಿಚಾರಕಿಗೆ ಏನೂ ಕಾಣಲಿಲ್ಲ. ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಮರುದಿನ ಸಹಿ ಆಯಿತು. ಮಗಳ ಅರ್ಜಿಯನ್ನು ತುಂಬಲು ನಾನೇ ಕೂತೆ, ಇಲ್ಲಿಯ ಅಕ್ಷರ ಅವಳಿಗೆ ಇನ್ನೂ ಬಾರದು. ಹೆಸರು, ಹುಟ್ಟಿದ ದಿನ, ಕಣ್ಣಿನ ಬಣ್ಣ, ಎಲ್ಲವನ್ನೂ ಪಟಪಟನೆ ಹೇಳಿದಳು. ಆಮೇಲೆ ಎತ್ತರದ ಚೌಕ ಬಂತು. ಎಷ್ಟೇ ಎಂದೆ.

ಎದ್ದು ನಿಂತು ಅಂಗೈಯನ್ನು ಸೊಂಟದ ಹತ್ತಿರ ಹಿಡಿದಳು. ಸ್ವಲ್ಪ ಮೇಲೆತ್ತಿದಳು. ಇನ್ನೂ ಸ್ವಲ್ಪ ಎತ್ತಿದಳು. ಕೈ ಅಲ್ಲೇ ನಿಂತಿತು. ದಿನವೂ ಫೋನಿನಲ್ಲಿ ನೋಡುತ್ತಾಳೆ, ಆದರೆ ಅದರಲ್ಲಿ ಕಾಣುವುದು ಮುಖ ಮಾತ್ರ.

“ಗೊತ್ತಿಲ್ಲಕ್ಕ,” ಎಂದಳು. “ನನ್ ಮಗಳು ಈಗ ಎಷ್ಟೆತ್ತರ ಇದಾಳೆ ಅಂತ ನಂಗೇ ಗೊತ್ತಿಲ್ಲ.”

ಅಂದಾಜಿಗೆ ಏನೋ ಒಂದು ಬರೆಯೋಣ ಬಿಡು ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಪೆನ್ನು ಕೆಳಗಿಟ್ಟು, ನಿಮ್ಮಮ್ಮನಿಗೆ ಫೋನು ಮಾಡು, ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಅಳೆಯಲಿ ಎಂದೆ.