ಹೆಬ್ಬಾತುಗಳು ಕಂಬಳಿಗೆ ಹೆದರಿದ ಚಳಿಗಾಲ

ಬಾಗಲಕೋಟೆಯ ಹಿನ್ನೀರಿಗೆ ಕಟ್ಟಿದ ಕಲ್ಲಿನ ಒಡ್ಡಿನ ಮೇಲೆ ಬೆಳಿಗ್ಗೆ ನಡೆಯಬೇಕೆಂದರೆ ಮೂಗು ಮುಚ್ಚಿಕೊಳ್ಳಬೇಕು. ಕೋಳಿ ಅಂಗಡಿಯ ಪುಕ್ಕದ ಚೀಲ, ಒಡೆದ ಬಾಟಲಿ, ಗಾಜು ಹೋದ ದೇವರ ಫೋಟೊ, ಎಲ್ಲವನ್ನೂ ಎಸೆಯಲು ನಮ್ಮವರಿಗೆ ನೀರೇ ಬೇಕು. ನನಗೆ ಹೇಸಿಗೆ ಬೇಗ ಬರುತ್ತದೆ. ಮನೆಯಲ್ಲಿ ಇದಕ್ಕೇ ನನ್ನನ್ನು ಮಡಿ ಮುದುಕ ಎಂದು ಛೇಡಿಸುತ್ತಾರೆ. ಆದರೂ ಚಳಿಗಾಲ ಬಂತೆಂದರೆ ತಪ್ಪದೆ ಹೋಗುತ್ತಿದ್ದೆ. ನೀರು ಇಳಿದ ಕಪ್ಪು ನೆಲದಲ್ಲಿ ಕಡಲೆ ಬಿತ್ತಿರುತ್ತಾರೆ, ಅದನ್ನು ಮೇಯಲು ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ.

ಪ್ಯಾಂಟು ಶರ್ಟು ಕಂಡರೆ ಸಾಕು, ಅವು ಕತ್ತು ನೆಟ್ಟಗೆ ಮಾಡಿ ಎದ್ದುಬಿಡುತ್ತಿದ್ದವು. ಹತ್ತಿರ ಹೋಗುವ ದಾರಿ ತೋರಿಸಿದ್ದು ಅಲ್ಲೇ ಕುರಿ ಮೇಯಿಸುವ ಒಬ್ಬ ಅಜ್ಜ. ತನ್ನ ಇನ್ನೊಂದು ಕಂಬಳಿಯನ್ನು ನನಗೆ ತಲೆ ಮುಚ್ಚುವಂತೆ ಹೊದಿಸಿದ.

"ಕುರಿ ಜೋಡಿ ಸಾವಕಾಶ ನಡೀರಿ. ಅವಕ್ಕ ಕಂಬಳಿ ಮ್ಯಾಲ ಭಾಳ ನಂಬಿಕಿ ಐತಿ."

ಖರೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತರೂ ಹೆಬ್ಬಾತುಗಳು ಮೇಯುತ್ತಲೇ ಇದ್ದವು. ಒಂದು ಮಾತ್ರ ತಲೆಯೆತ್ತಿ ಅಜ್ಜನನ್ನು ನೋಡಿ ಮತ್ತೆ ಕಡಲೆಗೆ ಬಾಯಿ ಹಾಕಿತು. ಅಜ್ಜನ ಮುಖದಲ್ಲಿ ಬೀಗರ ಮುಂದೆ ಮೊಮ್ಮಕ್ಕಳನ್ನು ತೋರಿಸುವವರ ಹೆಮ್ಮೆ ಇತ್ತು.

"ಯಾರ ಮುಂದನೂ ಹೇಳಬ್ಯಾಡ್ರಿ ಸರ್ರ," ಎಂದ. ಆಯಿತು ಎಂದೆ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಬಾದಾಮಿಯ ಒಂದು ಮದುವೆ ಊಟದಲ್ಲಿ ಕ್ಯಾಮೆರಾ ಹುಚ್ಚಿನ ನಾಲ್ವರು ಸಿಕ್ಕರು. ಅವರೆದುರು ದೊಡ್ಡಸ್ತಿಕೆ ಮೆರೆಯುವ ಚಪಲಕ್ಕೆ ಜಾಗ, ಹೊತ್ತು, ಕಂಬಳಿ ಎಲ್ಲವನ್ನೂ ಒದರಿದೆ.

ಮುಂದಿನ ಭಾನುವಾರ, ವಾರದ ಸಂತೆಗೆಂದು ಅಜ್ಜ ಹಿನ್ನೀರಿನ ಕಡೆ ಬಾರದ ದಿನ, ಅವರು ಬಂದೇಬಿಟ್ಟರು. ಹೊಸ ಕಂಬಳಿಗಳು, ಒಂದರಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಹಕ್ಕಿಗಳ ಹತ್ತಿರ ಹೋದಮೇಲೆ ಒಬ್ಬ ಕಂಬಳಿಯನ್ನೇ ಬೀಸುತ್ತಾ ಅವುಗಳ ಮೇಲೆ ಓಡಿದ. ಹಾರುವ ಚಿತ್ರ ಬೇಕಿತ್ತಂತೆ. ಹಿಂಡು ಕಿರುಚುತ್ತಾ ಎದ್ದಿತು. ಆಮೇಲೆ ಒಡ್ಡಿನ ಮೇಲೆ ಕೂತು ಅಮೀನಗಡದ ಕರದಂಟು ತಿಂದು, ಖಾಲಿ ಡಬ್ಬಿಗಳನ್ನು ನೀರಿಗೆ ಎಸೆದರು. ನನಗೂ ಒಂದು ತುಂಡು ಕೊಟ್ಟರು. ಅವರ ಅಂಟು ಕೈಬೆರಳು ನೋಡಿದರೇ ಹೇಸಿಗೆಯಾಗುತ್ತಿತ್ತು, ಆದರೂ ತಗೊಂಡೆ. ಮತ್ತೆರಡು ಭಾನುವಾರ ಅದೇ ಆಟ ನಡೆಯಿತು.

ಆಮೇಲೊಂದು ಬೆಳಿಗ್ಗೆ ಅಜ್ಜ ಕುರಿ ಹೊಡೆದುಕೊಂಡು ಇಳಿದಾಗ, ಅವನಿನ್ನೂ ಅಷ್ಟು ದೂರದಲ್ಲಿರುವಾಗಲೇ ಹೆಬ್ಬಾತುಗಳು ಎದ್ದು ಹೋದವು. ಅವನು ನಿಂತುಬಿಟ್ಟ. ಮರುದಿನ ಬೇರೆ ಕಡೆಯಿಂದ ಬಂದ, ಆಗಲೂ ಎದ್ದವು. ಅಷ್ಟು ಚಳಿಯಲ್ಲಿ ಕಂಬಳಿ ತೆಗೆದಿಟ್ಟು ಬರಿ ಅಂಗಿಯಲ್ಲಿ ಹೋಗಿಯೂ ನೋಡಿದ.

"ನಿಮಗೇನರ ಗೊತ್ತೈತೇನ್ರಿ?" ಎಂದು ಕೇಳಿದ.

"ಇಲ್ಲಜ್ಜಾ," ಎಂದೆ.

"ಹಂಗಾರ ನನ್ನ ಕಡಿಂದನ ಏನೋ ತಪ್ಪಾಗೇತಿ. ಬೀರಪ್ಪಗ ಕಾಯಿ ಒಡಿಸ್ತೇನಿ. ಬರ್ತೀರೇನು?"

ಹೋದೆ. ಗುಡಿಯಲ್ಲಿ ಅಜ್ಜ ನೆಲಕ್ಕೆ ಹಣೆ ಹಚ್ಚಿ, ತಪ್ಪಾಯಿತು, ಹೊಟ್ಟೆಗೆ ಹಾಕಿಕೋ ಎಂದು ಬಹಳ ಹೊತ್ತು ಬೇಡಿಕೊಂಡ. ಪಕ್ಕದಲ್ಲಿ ನಾನೂ ಕೈಮುಗಿದು ನಿಂತಿದ್ದೆ. ಎದ್ದವನು ಕಾಯಿಯ ದೊಡ್ಡ ಹೋಳನ್ನು ನನ್ನ ಕೈಗಿಟ್ಟ. ಅಲ್ಲೇ ನಿಂತು ಪೂರ್ತಿ ತಿಂದೆ.